ಕಿವಿಯೊಳಗಿನ ಬಟಾಣಿ

ಮೆಕ್ಸಿಕೊ ನಗರ
೧೨ ಜನವರಿ ೧೯೮೯

ಅಂಪಾರೊ,

ಲಕೋಟೆಯ ಮೇಲಿನ ಕೈಬರಹ ನೋಡಿದ ಕೂಡಲೇ ಇದನ್ನು ಒಲೆಗೆ ಹಾಕಬೇಡ. ಐದು ವರ್ಷ ಬರೆಯದ ಅಪ್ಪ ಇವತ್ತು ಬರೆದಿದ್ದಾನೆಂದರೆ ಏನೋ ಕೆಲಸವಿರಬೇಕು ಎಂದುಕೊಳ್ಳುತ್ತೀಯ. ಇದೆ. ಮೊದಲೇ ಹೇಳಿಬಿಡುತ್ತೇನೆ.

ನನ್ನನ್ನು ಕೊಲ್ಲುತ್ತಿದ್ದಾರೆ. ಏಪ್ರಿಲ್ ಮೊದಲ ವಾರ, ನೂರಾ ನಲವತ್ತನೆಯ ಕಂತಿನಲ್ಲಿ, ಹೃದಯಾಘಾತ. ನಿರ್ಮಾಪಕರು ಕರೆದು ಕೂರಿಸಿ, ಕಾಫಿ ತರಿಸಿ, "ದೋನ್ ಲೆಯಾಂದ್ರೊ, ಇಡೀ ದೇಶ ಅಳತ್ತೆ ನೋಡ್ತಾ ಇರಿ" ಅಂದರು. ಕಾಫಿ ತರಿಸಿದಾಗಲೇ ನನಗೆ ಅರ್ಥವಾಗಿತ್ತು. ಮುಂದಿನ ಧಾರಾವಾಹಿಯಲ್ಲಿ ನನಗೆ ಪಾತ್ರವಿಲ್ಲ. ಅರವತ್ತೆಂಟರ ಮುದುಕನಿಗೆ ಉಳಿದಿರುವುದು ಪಾದ್ರಿಯ ಪಾತ್ರ ಒಂದೇ, ಅದಕ್ಕೂ ಈಗ ಹಲ್ಲು ನೆಟ್ಟಗಿರುವವರನ್ನೇ ಹುಡುಕುತ್ತಾರೆ.

ಹಾಗಾಗಿ ಕೇಳುತ್ತಿದ್ದೇನೆ. ವೆರಾಕ್ರೂಸ್‌ಗೆ ಬಂದು ನಿನ್ನ ಮನೆಯಲ್ಲಿ ಇರಬಹುದೇ? ನೀನು ಔಷಧಿ ಅಂಗಡಿಯಲ್ಲಿ ಸಂಜೆಯವರೆಗೆ ನಿಂತಿರುತ್ತೀಯಂತೆ. ಯದೀರಾಳನ್ನು ನಾನು ಶಾಲೆಯಿಂದ ಕರೆತರುತ್ತೇನೆ, ಊಟ ಬಿಸಿ ಮಾಡಿ ಬಡಿಸುತ್ತೇನೆ. ಹನ್ನೊಂದು ಧಾರಾವಾಹಿಗಳಲ್ಲಿ ತಾತನಾಗಿದ್ದೇನೆ, ಕೆಲಸ ಗೊತ್ತಿಲ್ಲದವನಲ್ಲ.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ. ಒಂದು ಕಿವಿಗೆ ನಿನ್ನ ಮಾತು ಬೀಳುತ್ತಿದ್ದರೆ ಇನ್ನೊಂದು ಕಿವಿ ಕೋಸ್ಮೆಗಾಗಿ ಕಾಯುತ್ತದೆ. ಯದೀರಾಳಿಗೆ ಹೇಳು, ಅವಳ ತಾತನ ಕಿವಿಯೊಳಗೆ ಒಂದು ಬಟಾಣಿ ಇದೆ. ಇಲ್ಲಿ ನಟರೆಲ್ಲರ ಕಿವಿಯಲ್ಲೂ ಇರುತ್ತದೆ. ದಿನಕ್ಕೆ ನಲವತ್ತು ಪುಟ ಚಿತ್ರೀಕರಿಸುವವರು ಬಾಯಿಪಾಠ ಮಾಡುವುದುಂಟೇ? ಗಾಜಿನ ಗೂಡಿನಲ್ಲಿ ಕೂತು ಕೋಸ್ಮೆ ಮೈಕಿನೊಳಗೆ ಓದುತ್ತಾನೆ, ಅದು ಬಟಾಣಿಯಲ್ಲಿ ಕೇಳಿಸುತ್ತದೆ, ನಾನು ಹೇಳುತ್ತೇನೆ. ಮಾತಷ್ಟೇ ಅಲ್ಲ. 'ಎರಡು ಹೆಜ್ಜೆ. ನಿಲ್ಲು. ಲೋಟ ಎತ್ತು. ಅಳು.' ಕೋಸ್ಮೆ ಅಳು ಅಂದರೆ ನನಗೆ ಕಣ್ಣೀರು ಬರುತ್ತದೆ, ಬೇರೆ ಯಾರು ಹೇಳಿದರೂ ಬರುವುದಿಲ್ಲ. ಇಪ್ಪತ್ತಾರು ವರ್ಷದಿಂದ ಅದೇ ದನಿ, ಅದೇ ಎಡಗಿವಿ.

ಯೋಚಿಸಿ ಬರೆ. ಬೇಡ ಅನ್ನುವುದಾದರೂ ಬರೆ.

ನಿನ್ನ ಅಪ್ಪ,
ಲೆಯಾಂದ್ರೊ ಉರ್ಕೀದಿ

(ನೋಡು, ಹಸ್ತಾಕ್ಷರ ಕೇಳಲು ಬಂದವರಿಗೆ ಹಾಕಿದ ಹಾಗೆ ಪೂರ್ತಿ ಹೆಸರು ಹಾಕಿಬಿಟ್ಟೆ.)


ವೆರಾಕ್ರೂಸ್
೨೯ ಜನವರಿ ೧೯೮೯

ಅಪ್ಪ,

ಒಲೆಗೆ ಹಾಕಲಿಲ್ಲ. ನಮ್ಮದು ಗ್ಯಾಸ್ ಒಲೆ.

ಯದೀರಾಳಿಗೆ ಏಳು ತುಂಬಿದೆ. ಅವಳಪ್ಪ ತಾಂಪಿಕೊದಲ್ಲಿ ಬೇರೆ ಸಂಸಾರ ಹೂಡಿದ್ದಾನೆ, ವರ್ಷಕ್ಕೊಂದು ಗೊಂಬೆ ಕಳಿಸುತ್ತಾನೆ. ಅವಳನ್ನು ಮಧ್ಯಾಹ್ನ ನೋಡಿಕೊಳ್ಳುವ ಪಕ್ಕದ ಮನೆಯ ಲೂಚಾ ಮೇ ತಿಂಗಳಲ್ಲಿ ಪುಯೆಬ್ಲಾಕ್ಕೆ ಹೋಗುತ್ತಿದ್ದಾಳೆ. ಆಮೇಲೆ ಏನು ಮಾಡುವುದೆಂದು ತಲೆ ಕೆಡಿಸಿಕೊಂಡಿದ್ದಾಗಲೇ ನಿಮ್ಮ ಪತ್ರ ಬಂತು. ಅಂದರೆ ನನಗೆ ಜನ ಬೇಕು. ಆದರೆ ನೀವು ಬೇಕೇ ಅನ್ನುವುದು ಬೇರೆ ಮಾತು.

ಅಮ್ಮನನ್ನು ಮಣ್ಣು ಮಾಡಿದ ದಿನ ನನಗೆ ಹದಿನಾಲ್ಕು. ನೀವು ಗೋರಿಯ ಮುಂದೆ ನಿಂತು ಮಾತಾಡಿದಿರಿ, ಹೆಂಗಸರೆಲ್ಲ ಬಿಕ್ಕಿ ಬಿಕ್ಕಿ ಅತ್ತರು. ನಾನೂ ಅಳುತ್ತ ನಿಮ್ಮ ಎಡಗಡೆ ನಿಂತಿದ್ದೆ. ಆಗ ನಿಮ್ಮ ಕಿವಿಯೊಳಗೆ ಅದು ಕಂಡಿತು. ತಿರುಗಿ ನೋಡಿದರೆ ಸ್ಮಶಾನದ ಗೇಟಿನ ಬಳಿ ಕಾರು, ಕಾರಿನೊಳಗೆ ದೋನ್ ಕೋಸ್ಮೆ, ತೊಡೆಯ ಮೇಲೆ ಕಾಗದ, ಬಾಯಿ ಅಲ್ಲಾಡುತ್ತಿತ್ತು. ಅಮ್ಮ ನಿಮ್ಮನ್ನು ಕರೆಯುತ್ತ ಕರೆಯುತ್ತ ಪ್ರಾಣ ಬಿಡುವಾಗ ನೀವು ಚಿತ್ರೀಕರಣದಲ್ಲಿದ್ದಿರಿ. ಅದನ್ನಾದರೂ ನುಂಗಿಕೊಂಡೆ, ಇದನ್ನು ಆಗಲಿಲ್ಲ. ಒಂದು ಮಾತು, ಒಂದೇ ಒಂದು ಮಾತು ನಿಮ್ಮದಾಗಿರಬಾರದಿತ್ತೇ? ತಪ್ಪಾಯಿತು ಅನ್ನಲು ಎಷ್ಟು ಪುಟ ಬೇಕಿತ್ತು?

ಹದಿನಾರು ವರ್ಷದಿಂದ ಆ ಒಂದು ಮಾತಿಗಾಗಿ ಕಾದಿದ್ದೇನೆ. ಹೇಳಿಬಿಟ್ಟೆ, ಹಗುರವಾಯಿತು.

ಬನ್ನಿ. ಆದರೆ ಆ ಬಟಾಣಿಯನ್ನು ಅಲ್ಲೇ ಬಿಟ್ಟು ಬನ್ನಿ. ನನ್ನ ಮಗಳ ಜೊತೆ ಮನೆಯಲ್ಲಿ ಇರುವವರು ಯಾರು ಎಂದು ನನಗೆ ಗೊತ್ತಿರಬೇಕು. ಅಲ್ಲಿಯವರೆಗೆ ಬರೆಯುತ್ತಿರಿ. ನೀವೇ ಬರೆಯಬೇಕು, ದೋನ್ ಕೋಸ್ಮೆ ಹೇಳಿ ಬರೆಸಿದರೆ ನನಗೆ ಮೊದಲ ಸಾಲಿನಲ್ಲೇ ತಿಳಿಯುತ್ತದೆ.

ಅಂಪಾರೊ


ಮೆಕ್ಸಿಕೊ ನಗರ
೨೬ ಫೆಬ್ರವರಿ ೧೯೮೯

ಅಂಪಾರೊ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಎರಡನೆಯ ಸಲ ನಾಚಿಕೆಯಾಯಿತು, ಮೂರನೆಯ ಸಲ ನಿನಗೆ ನಿನ್ನಮ್ಮನ ಅಕ್ಷರವೇ ಬಂದಿದೆಯಲ್ಲ ಅನ್ನಿಸಿತು. ಷರತ್ತು ಒಪ್ಪಿದ್ದೇನೆ. ಏಪ್ರಿಲ್‌ವರೆಗೆ ಹೊಟ್ಟೆಪಾಡಿನ ಬಟಾಣಿ ಅದು, ಅಲ್ಲಿಯವರೆಗೆ ಇರಲಿ.

ಇದನ್ನು ನಾನೇ ಬರೆಯುತ್ತಿದ್ದೇನೆ, ಅಡುಗೆಮನೆಯ ಮೇಜಿನ ಮೇಲೆ, ಒಬ್ಬನೇ. ನನ್ನ ಮಾತು ಯಾವುದೆಂದು ಹುಡುಕುತ್ತ ಒಂದು ಗಂಟೆ ಹೋಯಿತು. ನಗಬೇಡ. ಹದಿನೇಳು ಸಲ ಮದುವೆಯಾಗಿದ್ದೇನೆ, ಒಂಬತ್ತು ಸಲ ಜೈಲಿಗೆ ಹೋಗಿದ್ದೇನೆ, ಅವುಗಳಲ್ಲಿ ಒಂದು ಮದುವೆ ಬಿಟ್ಟರೆ ಉಳಿದದ್ದೆಲ್ಲ ಬೇರೆಯವರು ಬರೆದದ್ದು. ಹೋದ ವರ್ಷ ಮಾರುಕಟ್ಟೆಯಲ್ಲಿ ಒಬ್ಬ ಹೆಂಗಸು ಟೊಮೇಟೊ ಚೀಲದಿಂದ ಬೆನ್ನಿಗೆ ಬಾರಿಸಿ, "ಆ ಕುರುಡಿಗೆ ಯಾಕೋ ಅನ್ಯಾಯ ಮಾಡ್ದೆ, ಪಾಪಿ?" ಅಂದಳು. ನಾನು ಟೋಪಿ ತೆಗೆದು ಕ್ಷಮೆ ಕೇಳಿದೆ. ಆ ಕುರುಡಿಯ ಪಾತ್ರ ಮಾಡಿದವಳು ಈಗ ಎರಡು ಹೋಟೆಲುಗಳ ಒಡತಿ. ಅದಿರಲಿ, ಏಟು ಬಿದ್ದ ಬೆನ್ನು ಮಾತ್ರ ನನ್ನದೇ. ಇದು ನನ್ನದು ಎಂದು ಎದೆ ತಟ್ಟಿ ಹೇಳಬಹುದಾದದ್ದು ಸದ್ಯಕ್ಕೆ ಅಷ್ಟೆ.

ಕೋಸ್ಮೆಗೆ ಹೊಸ ವರ್ಷದಿಂದ ಕೆಮ್ಮು ಹಿಡಿದಿತ್ತು. ಅವನ ಜಾಗದಲ್ಲಿ ಒಂದು ಹುಡುಗಿಯನ್ನು ಕೂರಿಸಿದರು. ಬಸ್ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗುವವರ ಹಾಗೆ ಓದುತ್ತಾಳೆ, ಅವಳು ಅಳು ಅಂದರೆ ನನಗೆ ಆಕಳಿಕೆ ಬರುತ್ತದೆ. ಪುಣ್ಯಕ್ಕೆ ಕೋಸ್ಮೆ ಹಿಂದಿರುಗಿದ್ದಾನೆ. ಕೆಮ್ಮು ಪೂರ್ತಿ ಹೋಗಿದೆ, ದನಿ ಮೊದಲಿಗಿಂತ ಸ್ಪಷ್ಟ. ಈಗ ಸ್ಟುಡಿಯೋದಲ್ಲಷ್ಟೇ ಅಲ್ಲ, ಎಲ್ಲ ಕಡೆಯೂ ನನ್ನನ್ನು ನೋಡಿಕೊಳ್ಳುತ್ತಾನೆ. ಮೊನ್ನೆ ಮನೆಯಲ್ಲಿ ಹಾಲು ಕಾಯಿಸಲು ಇಟ್ಟು ಮರೆತಿದ್ದೆ, 'ಒಲೆ ಆರಿಸು' ಅಂದ, ಆರಿಸಿದೆ. ನಿನ್ನೆ ಮೆಟ್ರೊದಲ್ಲಿ 'ಇಲ್ಲಿ ಇಳಿ' ಅಂದ, ಇಳಿದೆ. ಯಾವ ನಿಲ್ದಾಣವೆಂದೂ ನೋಡಲಿಲ್ಲ. ಗೆಳೆಯನೆಂದರೆ ಹೀಗಿರಬೇಕು.

ಈ ತಿಂಗಳು ಒಂದು ಅಂತ್ಯಕ್ರಿಯೆಗೂ ಹೋಗಿದ್ದೆ. ಕಪ್ಪು ಸೂಟು ಸಡಿಲವಾಗಿದೆ. ನಮ್ಮ ಸ್ಟುಡಿಯೋದವರೆಲ್ಲ ಇದ್ದರು, ಚೆನ್ನಾಗಿ ಅತ್ತರು. ಯಾರು ಸತ್ತದ್ದೆಂದು ಬರೆಯಹೊರಟರೆ ಹೆಸರು ನಾಲಿಗೆಯ ತುದಿಯಲ್ಲಿದೆ, ಬರುತ್ತಿಲ್ಲ. ಮಣ್ಣು ಹಾಕುವಾಗ ಕೋಸ್ಮೆಯೇ ಹೇಳಿಕೊಟ್ಟ. 'ಬಗ್ಗು. ಒಂದು ಹಿಡಿ. ಈಗ ಬಿಡು.'

ನೀನು ಕೇಳಿದ ಆ ಮಾತನ್ನು ಕಾಗದದಲ್ಲಿ ಬರೆಯುವುದಿಲ್ಲ. ಬಂದು, ಎದುರಿಗೆ ನಿಂತು ಹೇಳುತ್ತೇನೆ.

ಅಪ್ಪ


ವೆರಾಕ್ರೂಸ್
೧೨ ಮಾರ್ಚ್ ೧೯೮೯

ಅಪ್ಪ,

ನಿಮ್ಮ ಪತ್ರ ಓದಿ ನಕ್ಕೆ, ನಿಜ. ಟೊಮೇಟೊ ಚೀಲದ ಕಥೆಯನ್ನು ಅಂಗಡಿಯಲ್ಲೂ ಹೇಳಿದೆ. ನಾನು ಯಾರ ಮಗಳೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಈಗ ಮಾತ್ರೆ ಕೊಳ್ಳಲು ಬಂದವರು ದೋನ್ ಲೆಯಾಂದ್ರೊ ಮನೆಯಲ್ಲೂ ಅಷ್ಟು ಕೆಟ್ಟವರಾ ಎಂದು ಕೇಳುತ್ತಾರೆ. ನೋಡಬೇಕು ಅನ್ನುತ್ತೇನೆ.

ಯದೀರಾ ನಿಮ್ಮ ಚಿತ್ರ ಬರೆದಿದ್ದಾಳೆ, ಜೊತೆಗಿಟ್ಟಿದ್ದೇನೆ. ಕಿವಿಯಿಂದ ಹೊರಬಂದು ತಲೆಯನ್ನು ಸುತ್ತಿಕೊಂಡಿರುವುದು ಬಳ್ಳಿ. "ಬಟಾಣಿ ಒಳಗೇ ಮೊಳಕೆ ಒಡೆದ್ರೆ ಏನಮ್ಮ ಮಾಡೋದು?" ಎಂದು ಎರಡು ದಿನ ಪೀಡಿಸಿದಳು. ಅದಕ್ಕೇ ತಾತ ಅದನ್ನು ತೆಗೆದಿಟ್ಟು ಬರುತ್ತಾರೆ ಎಂದು ಸಮಾಧಾನ ಮಾಡಿದ್ದೇನೆ. ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದ್ದೇನೆ. ಕಿಟಕಿಯಿಂದ ಬಂದರಿನ ಗಾಳಿ ನೇರ ಬರುತ್ತದೆ, ದಪ್ಪ ಸ್ವೆಟರು ತನ್ನಿ.

ಆದರೆ ಒಂದೆರಡು ಸಾಲುಗಳು ನನಗೆ ಹಿಡಿಸಲಿಲ್ಲ. ಯಾವ ನಿಲ್ದಾಣವೆಂದು ನೋಡದೆ ಇಳಿಯುವುದು ಎಂದರೇನು? ಸತ್ತವರು ಯಾರು? ಮನೆಯಲ್ಲೂ ಬಟಾಣಿ ಹಾಕಿಕೊಂಡೇ ಇರುತ್ತೀರಾ? ನಿಮ್ಮ ಬಗ್ಗೆ ನಿಮ್ಮನ್ನೇ ಕೇಳಿ ಪ್ರಯೋಜನವಿಲ್ಲ, ಅದಕ್ಕೆ ಸ್ಟುಡಿಯೋದ ವಿಳಾಸಕ್ಕೆ ದೋನ್ ಕೋಸ್ಮೆಗೂ ಒಂದು ಪತ್ರ ಹಾಕಿದ್ದೇನೆ. ಚಿಕ್ಕವಳಿದ್ದಾಗ ಅವರು ಹುಣಸೆ ಮಿಠಾಯಿ ಕೊಡುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಪಾಪ, ಅವರು ಓದುವ ಕೆಲಸದವರು.

ಅಂಪಾರೊ


ಮೆಕ್ಸಿಕೊ ನಗರ
೩ ಏಪ್ರಿಲ್ ೧೯೮೯

ಮಗಳೇ ಅಂಪಾರೊ,

ನಾನು ವೇಷಭೂಷಣದ ಕೋಣೆಯ ಚೋಲೆ. ನೀನು ಸ್ಟುಡಿಯೋಗೆ ಬಂದಾಗ ನನ್ನ ಗುಂಡಿ ಡಬ್ಬಿಯನ್ನು ಚೆಲ್ಲಿ ಆಡುತ್ತಿದ್ದೆ. ಕೋಸ್ಮೆ ಬಾಲ್ದೆರಾಸ್ ಅವರಿಗೆ ನೀನು ಬರೆದ ಪತ್ರ ವಾರವೆಲ್ಲ ಬಾಗಿಲ ಬಳಿ ಬಿದ್ದಿತ್ತು. ತೆಗೆದುಕೊಳ್ಳುವವರಿಲ್ಲವೆಂದು ಕೊನೆಗೆ ನನಗೆ ಕೊಟ್ಟರು. ಒಡೆದು ಓದಿದೆ, ಕ್ಷಮಿಸು.

ಕೋಸ್ಮೆ ತೀರಿಕೊಂಡರು ಮಗಳೇ. ಫೆಬ್ರವರಿ ಹನ್ನೊಂದು, ಶನಿವಾರ, ಶ್ವಾಸಕೋಶ. ನಿಮ್ಮಪ್ಪ ಹೆಣದ ಪೆಟ್ಟಿಗೆಗೆ ಹೆಗಲು ಕೊಟ್ಟರು. ಗುಂಡಿಯ ಅಂಚಿನಲ್ಲಿ ತಲೆಯನ್ನು ಎಡಕ್ಕೆ ವಾಲಿಸಿ ನಿಂತು, ಸ್ವಲ್ಪ ಹೊತ್ತಿನ ಮೇಲೆ ಬಗ್ಗಿ ಮಣ್ಣು ಹಾಕಿದರು. ಅಳಲಿಲ್ಲ. ಇಪ್ಪತ್ತಾರು ವರ್ಷದ ಜೋಡಿ, ಆಘಾತವಾಗಿರಬೇಕು ಎಂದು ನಾವೇ ಮಾತಾಡಿಕೊಂಡೆವು.

ಆಮೇಲೆ ನೋಡು, ನಿಮ್ಮಪ್ಪ ಎಂದೂ ಮಾಡದಷ್ಟು ಚೆನ್ನಾಗಿ ಅಭಿನಯಿಸತೊಡಗಿದರು. ಒಂದು ತಪ್ಪಿಲ್ಲ, ಒಂದು ತಡವರಿಕೆಯಿಲ್ಲ. ನಿರ್ಮಾಪಕರಿಗೆ ಹಾಲು ಕುಡಿದಷ್ಟು ಸಂತೋಷ. ಈಗ ಓದುವ ಹುಡುಗಿ ಮಾತ್ರ ಒಂದು ದಿನ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. "ನಾನು ಬಾಯಿ ತೆಗೆಯೋ ಮೊದ್ಲೇ ಹೇಳಿ ಮುಗಿಸಿರ್ತಾರೆ ದೋನ್ಯಾ ಚೋಲೆ. ಇವತ್ತಿನ ಪುಟ ಈಗ ತಾನೇ ಬಂದಿದ್ದು, ಅವರಿಗೆ ಯಾರೂ ತೋರ್ಸೇ ಇಲ್ಲ. ನಂಗೆ ಭಯ ಆಗತ್ತೆ" ಅಂದಳು. ನಾನು ಗದರಿ ಕಳಿಸಿದೆ. ಹೆದರಿದವರ ಮೇಲೆ ಹಾವು ಬಿಟ್ಟ ಹಾಗೆ ಮಾತಾಡಬೇಡ ಅಂದೆ.

ಆದರೆ ಮಾರ್ಚ್ ಹದಿನೇಳರಂದು ನಾನೇ ಕಣ್ಣಾರೆ ಕಂಡೆ. ಊಟದ ದೃಶ್ಯ. ನಟರು ಎಲ್ಲಿ ನಿಲ್ಲಬೇಕೆಂದು ನೆಲಕ್ಕೆ ಬಿಳಿ ಟೇಪಿನ ಗುರುತು ಅಂಟಿಸುತ್ತೇವಲ್ಲ, ನಿಮ್ಮಪ್ಪ ಕುರ್ಚಿಯಿಂದ ಎದ್ದು, ಆ ಗುರುತನ್ನು ದಾಟಿ, ಸ್ಟುಡಿಯೋದ ಬಾಗಿಲು ದಾಟಿ, ಗೇಟು ದಾಟಿ, ಹೆದ್ದಾರಿಯ ನಡುವಿನ ಬಿಳಿ ಪಟ್ಟೆಯ ಮೇಲೆ ಹೋಗಿ ನಿಂತರು. ಎರಡೂ ಕಡೆ ಲಾರಿಗಳು. ಕಾವಲಿನವನು ಓಡಿಹೋಗಿ ಎಳೆದು ತಂದ. "ಅಲ್ಲಿ ಯಾಕೆ ಹೋದ್ರಿ?" ಎಂದರೆ, "ಗುರುತು ಅಲ್ಲೇ ಇತ್ತಲ್ಲ ಚೋಲೆ? ಕೋಸ್ಮೆ ನಡಿ ಅಂದ, ನಡೆದೆ. ನಿಲ್ಲು ಅಂದ, ನಿಂತೆ" ಅಂದರು. ನಗುನಗುತ್ತ ಹೇಳಿದರು ಮಗಳೇ.

ನಾನು ಹೊಲಿಯುವವಳು, ವೈದ್ಯರ ವಿಷಯ ನನಗೆ ತಿಳಿಯದು. ಅವರು ನಿನ್ನ ಮನೆಗೆ ಬರುತ್ತಿದ್ದಾರೆಂದು ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದಾರೆ. ಮನೆಯಲ್ಲಿ ಮಗುವಿದೆ ಎಂದು ನಿನಗೆ ತಿಳಿಸುತ್ತಿದ್ದೇನೆ.

ನಿನ್ನ ಹಿತ ಬಯಸುವ,
ಸೊಲೆದಾದ್ (ಚೋಲೆ)


ಮೆಕ್ಸಿಕೊ ನಗರ
೯ ಏಪ್ರಿಲ್ ೧೯೮೯

ಅಂಪಾರೊ, ಮಗಳೇ,

ಸತ್ತೆ! ಗುರುವಾರ ಮಧ್ಯಾಹ್ನ, ಒಂದೇ ಟೇಕಿನಲ್ಲಿ. ಕ್ಯಾಮೆರಾದವನು ಕಣ್ಣೊರೆಸಿಕೊಂಡ. ಹದಿನೈದು ವರ್ಷದಿಂದ ನನ್ನ ಮುಖಕ್ಕೆ ಬೆಳಕು ಸರಿಯಾಗಿ ಬೀಳಿಸದ ಮನುಷ್ಯ ಅವನು, ಸತ್ತ ಮೇಲೆ ಸರಿಯಾಗಿ ಬೀಳಿಸಿದ.

ಮರುದಿನ ಶವಪೆಟ್ಟಿಗೆಯ ದೃಶ್ಯ. ಒಳಗೆ ಬಿಳಿ ಸ್ಯಾಟಿನ್, ಮೆತ್ತಗೆ ಚೆನ್ನಾಗಿತ್ತು. ಕೋಸ್ಮೆ 'ಕಣ್ಣು ತೆರೆಯಬೇಡ' ಅಂದ. ತೆರೆಯಲಿಲ್ಲ. ಅವರೆಲ್ಲ ಅತ್ತರು, ದೃಶ್ಯ ಮುಗಿಯಿತು, ದೀಪ ಆರಿಸಿದರು, ಊಟಕ್ಕೆ ಹೋದರು. 'ಏಳು' ಎಂದು ಅವನು ಹೇಳಲೇ ಇಲ್ಲ, ಹಾಗಾಗಿ ನಾನು ಏಳಲಿಲ್ಲ. ಕಸ ಗುಡಿಸುವವಳು ಬಂದು ಕಿರುಚಿಕೊಂಡಾಗ ಗಂಟೆ ನಾಲ್ಕಾಗಿತ್ತು. ಏನು ನಗು ಅಂತೀಯ! ಒಳಗೆ ಮಲಗಿದ್ದಾಗ ನನಗೆ ಒಂದು ಸಂಗತಿ ಹೊಳೆಯಿತು. ನನ್ನ ಜೀವನದಲ್ಲಿ ಆಯಾಸವೇ ಇರಲಿಲ್ಲ ಮಗಳೇ. ಏನು ಹೇಳಲಿ, ಎತ್ತ ತಿರುಗಲಿ, ಯಾರನ್ನು ಪ್ರೀತಿಸಲಿ ಎಂದು ಜನ ಒದ್ದಾಡುತ್ತಾರೆ. ನಾನು ಒಂದು ದಿನವೂ ಒದ್ದಾಡಲಿಲ್ಲ. ನಿನ್ನಮ್ಮನ ವಿಷಯದಲ್ಲಿ ಒದ್ದಾಡಬೇಕಿತ್ತೇನೋ.

ಈಗ ಸಿಹಿ ಸುದ್ದಿ ಕೇಳು. ಬಟಾಣಿಯನ್ನು ತೆಗೆದು ಚೋಲೆಯ ಗುಂಡಿ ಡಬ್ಬಿಗೆ ಹಾಕಿ ಬಂದೆ. ಅವಳ ಎದುರಿಗೇ. ಅವಳು ಯಾಕೋ ಶಿಲುಬೆಯ ಗುರುತು ಮಾಡಿಕೊಂಡಳು. ಕಿವಿ ಖಾಲಿ. ನೀನು ಬೆರಳಿಟ್ಟು ನೋಡಬಹುದು. ನಿನ್ನ ಷರತ್ತು ಪೂರ್ತಿಯಾಯಿತು.

ಮೇವರೆಗೆ ಯಾಕೆ ಕಾಯಬೇಕು ಎನ್ನುತ್ತಾನೆ ಕೋಸ್ಮೆ. ಅವನು ಸಮುದ್ರ ನೋಡಿಯೇ ಇಲ್ಲವಂತೆ. ಇಷ್ಟು ವರ್ಷ ಗಾಜಿನ ಗೂಡಿನಲ್ಲಿ ಕೂತವನು, ಪಾಪ, ಅವನಿಗೂ ಆಸೆ ಇರುವುದಿಲ್ಲವೇ?

ಅಪ್ಪ


ವೆರಾಕ್ರೂಸ್
೧೭ ಏಪ್ರಿಲ್ ೧೯೮೯

ಅಪ್ಪ,

ಇದನ್ನು ಕೂತುಕೊಂಡು ಓದಿ. ದೋನ್ ಕೋಸ್ಮೆ ಫೆಬ್ರವರಿ ಹನ್ನೊಂದರಂದು ತೀರಿಕೊಂಡಿದ್ದಾರೆ. ನೀವು ಮಣ್ಣು ಹಾಕಿದ್ದು ಅವರಿಗೇ. ನಿಮಗೆ ಕೇಳಿಸುತ್ತಿರುವುದು ಯಾರ ದನಿ ಎಂದು ನನಗೆ ಗೊತ್ತಿಲ್ಲ, ಆದರೆ ಅದು ಹೇಳಿದ ಕಡೆಗೆಲ್ಲ ಹೋಗಬೇಡಿ. ಕೈ ಮುಗಿಯುತ್ತೇನೆ.

ಇಪ್ಪತ್ತೊಂಬತ್ತು, ಶನಿವಾರ, ನಾನೇ ಬಂದು ಕರೆತರುತ್ತೇನೆ. ಮೊದಲು ವೈದ್ಯರ ಬಳಿ ಹೋಗೋಣ. ಅಲ್ಲಿಯವರೆಗೆ ನೀವು ರೈಲು ಹತ್ತಕೂಡದು. ಯದೀರಾಳನ್ನು ನಿಮ್ಮ ಜೊತೆ ಬಿಡುವ ಮಾತು ಸದ್ಯಕ್ಕೆ ಬೇಡ. ಇದನ್ನು ಬರೆಯುವಾಗ ನನಗೆ ಎಷ್ಟು ಸಂಕಟವಾಗುತ್ತಿದೆ ಎಂದು ನಿಮಗೆ ತಿಳಿಯಲಿ, ಆದರೂ ಬರೆಯುತ್ತಿದ್ದೇನೆ.

ಅಂಪಾರೊ

(ಲಕೋಟೆಯ ಮೇಲೆ ಬೇರೆ ಕೈಬರಹ: ಮನೆಯಲ್ಲಿ ಯಾರೂ ಇಲ್ಲ. ಭಾನುವಾರವೇ ಪೆಟ್ಟಿಗೆ ಹಿಡಿದು ಹೊರಟರು. ಕಳಿಸಿದವರಿಗೆ ವಾಪಸ್. ಬಾಗಿಲು ಕಾಯುವವಳು.)


ವೆರಾಕ್ರೂಸ್
ಸೋಮವಾರ, ೨೪ ಏಪ್ರಿಲ್

ಅಂಪಾರೊ,

ಬಂದುಬಿಟ್ಟೆ! ನೀನು ಅಂಗಡಿಯಲ್ಲಿದ್ದೀಯಂತೆ. ನಿನ್ನ ನೆರೆಯವಳು ಲೂಚಾ ಒಳ್ಳೆಯ ಹೆಂಗಸು, ಗುರುತು ಹಿಡಿದು ಕುಣಿದಾಡಿದಳು, ನಾಲ್ಕು ಕಾಗದಕ್ಕೆ ಹಸ್ತಾಕ್ಷರ ಹಾಕಿಸಿಕೊಂಡಳು. ಯದೀರಾ ನನ್ನ ಎರಡು ಕಿವಿಯೊಳಗೂ ಇಣುಕಿ ನೋಡಿ ಏನೂ ಇಲ್ಲವೆಂದು ಸರ್ಟಿಫಿಕೇಟು ಕೊಟ್ಟಿದ್ದಾಳೆ.

ಅವಳನ್ನು ಸಮುದ್ರ ತೋರಿಸಲು ಕರೆದುಕೊಂಡು ಹೋಗುತ್ತಿದ್ದೇನೆ. ಅಲೆತಡೆ ಗೋಡೆಯ ಮೇಲೆ ನೇರ ನಡೆಯಬೇಕು, ಗುರುತು ಬರುವ ತನಕ. ಊಟಕ್ಕೆ ಕಾಯಬೇಡ.

ಅಪ್ಪ


ವೆರಾಕ್ರೂಸ್
೬ ಮೇ ೧೯೮೯

ಪ್ರೀತಿಯ ದೋನ್ಯಾ ಚೋಲೆ,

ಮಗು ಚೆನ್ನಾಗಿದೆ. ಅದನ್ನು ಮೊದಲು ಬರೆದರೆ ಉಳಿದದ್ದನ್ನು ನೀವು ನಿಧಾನವಾಗಿ ಓದಬಹುದು.

ತಪ್ಪು ನನ್ನದು. ನಿಮ್ಮ ಪತ್ರ ಬಂದ ದಿನವೇ ಲೂಚಾಗೆ ಹೇಳಬೇಕಿತ್ತು. ಟಿವಿಯಲ್ಲಿ ಬರುವ ನನ್ನ ಅಪ್ಪನಿಗೆ ತಲೆ ಸರಿಯಿಲ್ಲ ಎಂದು ಪಕ್ಕದ ಮನೆಯವರಿಗೆ ಹೇಳಲು ನಾಚಿಕೆಯಾಯಿತು. ಆ ನಾಚಿಕೆ ನನ್ನ ಮಗಳನ್ನು ತಿನ್ನುವುದರಲ್ಲಿತ್ತು. ಅಪ್ಪ ಬಂದಿಳಿದು, ಮಗುವನ್ನು ಸಮುದ್ರಕ್ಕೆ ಕರೆದೊಯ್ಯುತ್ತೇನೆಂದು ಬರೆದಿಟ್ಟ ಚೀಟಿಯನ್ನು ಲೂಚಾ ಅಂಗಡಿಗೇ ತಂದು ಹೆಮ್ಮೆಯಿಂದ ಕೊಟ್ಟಳು. ಬಿಳಿ ಕೋಟಿನಲ್ಲೇ ಓಡಿದೆ.

ಅವತ್ತು ಉತ್ತರದ ಗಾಳಿ ಎದ್ದಿತ್ತು. ಬಂದರು ಮುಚ್ಚಿ ಬಾವುಟ ಇಳಿಸಿದ್ದರು, ಅಲೆತಡೆ ಗೋಡೆಯ ಮೇಲೆ ನೀರು ಹತ್ತಿ ಇಳಿಯುತ್ತಿತ್ತು. ಯದೀರಾ ಆಮೇಲೆ ಹೇಳಿದ್ದು ಹೀಗೆ. ತಾತ ಅವಳ ಕೈ ಹಿಡಿದು ನಡೆಯುತ್ತ ಆಟದ ನಿಯಮ ಹೇಳಿಕೊಟ್ಟರಂತೆ. "ಕ್ಯಾಮೆರಾ ಓಡ್ತಿರುವಾಗ ನಾವು ನಿಲ್ಲೋ ಹಾಗಿಲ್ಲ ಪುಟ್ಟಿ. ಮಳೆ ಬರ್ಲಿ, ಗೋಡೆ ಬೀಳ್ಲಿ. ಒಂದೋ ಗುರುತು ಬರ್ಬೇಕು, ಇಲ್ಲಾಂದ್ರೆ ಯಾರಾದ್ರೂ ಕಟ್ ಅನ್ನಬೇಕು." ಗೋಡೆಯ ಮೇಲೆ ಮೀನುಗಾರ ನಾಬೊರ್ ಬಲೆ ಸುತ್ತುತ್ತಿದ್ದನಂತೆ. ಅವನು ಕೂಗಿದರೂ ಇವರು ತಿರುಗಲಿಲ್ಲ. ತುದಿಯ ಹತ್ತಿರ ಯದೀರಾ, "ತಾತ, ಮುಂದೆ ಕಲ್ಲೇ ಇಲ್ಲ" ಅಂದಳಂತೆ. "ಗುರುತು ಇನ್ನೂ ಬಂದಿಲ್ಲ, ಮುಂದೆ ಇದೆ ಅಂತಿದ್ದಾನೆ" ಅಂದರಂತೆ. ಅವರ ಬೂಟು ನೀರಿಗೆ ಮುಟ್ಟಿದಾಗ ನನ್ನ ಮಗಳು ಹೊಟ್ಟೆಯಿಂದ ಕಿರುಚಿದಳು, "ಕಟ್!"

ಅವರು ಕಂಬದ ಹಾಗೆ ನಿಂತರು. ಅಲೆ ಮೊಣಕಾಲಿಗೆ ಹೊಡೆದರೂ ಕದಲಲಿಲ್ಲ. ನಾಬೊರ್ ಮತ್ತು ನಾನು ಸೇರಿ ಇಬ್ಬರನ್ನೂ ಹಿಂದಕ್ಕೆ ಎಳೆದೆವು. ಮಗುವಿನ ಮಣಿಕಟ್ಟಿನ ಮೇಲೆ ಅವರ ಬೆರಳುಗಳ ಕೆಂಪು ಗುರುತು ನಾಲ್ಕು ದಿನ ಇತ್ತು.

ಅಂದಿನಿಂದ ಅಪ್ಪ ಕಟ್ ಆದ ಹಾಗೆಯೇ ಇದ್ದಾರೆ. ಕೂರಿಸಿದಲ್ಲಿ ಕೂರುತ್ತಾರೆ. ವೈದ್ಯರು ಮಿದುಳು ಸವೆದಿದೆ ಅಂದರು, ಎಷ್ಟೋ ತಿಂಗಳುಗಳಿಂದ ಸವೆಯುತ್ತಿತ್ತಂತೆ. ಮೊದಲ ದಿನ ಅನ್ನದ ತಟ್ಟೆಯ ಮುಂದೆ ಒಂದು ಗಂಟೆ ಸುಮ್ಮನೆ ಕೂತಿದ್ದರು. ಅಳು ತಡೆಯಲಾರದೆ ನಾನು ಅವರ ಎಡಗಿವಿಯ ಬಳಿ ಬಗ್ಗಿ, "ಚಮಚ ಎತ್ತಿ. ಬಾಯಿಗೆ ಇಡಿ. ಅಗಿಯಿರಿ" ಅಂದೆ. ತಕ್ಷಣ ಊಟ ಮಾಡಿದರು. ಮುಗಿದ ಮೇಲೆ ನನ್ನನ್ನು ನೋಡಿ, "ಹೊಸಬಳಾ? ಚೆನ್ನಾಗಿ ಓದ್ತೀಯ" ಅಂದರು. ಇಪ್ಪತ್ತಾರು ವರ್ಷ ಇನ್ನೊಬ್ಬರ ದನಿಯಲ್ಲಿ ಬದುಕಿದರು ಎಂದು ಹಂಗಿಸುತ್ತಿದ್ದವಳು ನಾನು. ಈಗ ನಾನೇ ಬೆಳಿಗ್ಗೆಯಿಂದ ಸಂಜೆಯವರೆಗೆ ಓದುತ್ತಿದ್ದೇನೆ. ಏಳಿ, ಗುಂಡಿ ಹಾಕಿ, ಬಲಗಾಲು. ನನ್ನ ಗಂಟಲು ಕಟ್ಟಿದೆ. ನಾನು ಮಾತಾಡುತ್ತಿರುವ ತನಕ ಅವರು ಶಾಂತವಾಗಿರುತ್ತಾರೆ. ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ ತಲೆ ನಿಧಾನವಾಗಿ ಎಡಕ್ಕೆ ವಾಲುತ್ತದೆ. ಆಮೇಲೆ ನಾನು ಏನೂ ಹೇಳದೆಯೇ ಎದ್ದು ಬಾಗಿಲಿನ ಕಡೆಗೆ ಹೋಗುತ್ತಾರೆ. ಚಿಲಕವನ್ನು ಮೇಲಕ್ಕೆ ಹಾಕಿಸಿದ್ದೇನೆ, ಅದೂ ಅವರ ಕೈಗೆ ಎಟುಕುತ್ತದೆ.

ಹಲಾಪಾದ ಆಸ್ಪತ್ರೆಯಲ್ಲಿ ಒಂದು ಹಾಸಿಗೆ ಇದೆ, ಮಗುವಿರುವ ಮನೆಯಲ್ಲಿ ಇವರನ್ನು ಇಟ್ಟುಕೊಳ್ಳಬೇಡಿ ಎಂದು ವೈದ್ಯರು ಕಾಗದ ಕೊಟ್ಟಿದ್ದಾರೆ. ನನ್ನ ಸಹಿಯೊಂದೇ ಬಾಕಿ. ನಿನ್ನೆ ಸಹಿ ಹಾಕುವುದೆಂದು ಗಟ್ಟಿ ಮನಸ್ಸು ಮಾಡಿ, ಅಂಗಡಿಗೆ ರಜೆ ಚೀಟಿ ಕೊಟ್ಟು ಅರ್ಧ ಗಂಟೆಯಲ್ಲಿ ಮನೆಗೆ ಬಂದೆ. ಅಷ್ಟು ಹೊತ್ತು ಲೂಚಾ ಬಾಗಿಲಲ್ಲಿ ಕೂತಿದ್ದಳು. ಒಳಗೆ ಯದೀರಾ ಸ್ಟೂಲಿನ ಮೇಲೆ ನಿಂತು ತಾತನ ಕಿವಿಗೆ ಏನೋ ಹೇಳಿಕೊಡುತ್ತಿದ್ದಳು. ನಾನು ಒಳಗೆ ಕಾಲಿಟ್ಟ ಕೂಡಲೇ ಅಪ್ಪ ಎದ್ದು ನನ್ನ ಎದುರಿಗೆ ಬಂದು ನಿಂತರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ತಪ್ಪಾಯ್ತು ಗುಬ್ಬಚ್ಚಿ. ನಿನ್ನಮ್ಮ ಕರೀತಿದ್ಲು, ನಾನು ಬರ್ಲಿಲ್ಲ. ನನ್ನನ್ನ ಎಲ್ಲಿಗೂ ಕಳಿಸ್ಬೇಡ" ಅಂದರು.

ನಾನು ಕುಸಿದು ಕೂತು ಅತ್ತೆ, ದೋನ್ಯಾ ಚೋಲೆ. ಹದಿನಾರು ವರ್ಷದ ಅಳು ಅದು. ಆಮೇಲೆ ಯದೀರಾಳನ್ನು ಬದಿಗೆ ಕರೆದು, ಇದನ್ನೆಲ್ಲ ನೀನೇ ಹೇಳಿಕೊಟ್ಟೆಯಾ ಎಂದು ಕೇಳಿದೆ. ಅವಳು ಬೆದರಿ ತಲೆಯಲ್ಲಾಡಿಸಿದಳು. "ಇಲ್ಲಮ್ಮ. 'ಬಂದ್ಯಾ ಅಂಪಾರೊ' ಅನ್ನಿ ಅಂತ ಅಷ್ಟೇ ನಾನು ಹೇಳಿದ್ದು."

ನಾನು ಹುಟ್ಟಿದಾಗಿನಿಂದ ಅಪ್ಪ ನನ್ನನ್ನು ಅಂಪಾರೊ ಎಂದೇ ಕರೆದವರು. ನನ್ನನ್ನು ಗುಬ್ಬಚ್ಚಿ ಎಂದು ಕರೆಯುತ್ತಿದ್ದವರು ಈ ಲೋಕದಲ್ಲಿ ಒಬ್ಬರೇ, ದೋನ್ ಕೋಸ್ಮೆ, ಹುಣಸೆ ಮಿಠಾಯಿ ಕೊಡುವಾಗ.

ಎಲ್ಲ ತಿಳಿದೂ "ಕ್ಷಮಿಸಿದ್ದೀನಿ ಅಪ್ಪ" ಅಂದೆ. ಅವರು ತಲೆಯನ್ನು ಎಡಕ್ಕೆ ವಾಲಿಸಿ, ಸ್ವಲ್ಪ ಹೊತ್ತು ಕೇಳಿಸಿಕೊಂಡು, ನಕ್ಕರು. ಆಸ್ಪತ್ರೆಯ ಕಾಗದಕ್ಕೆ ನಾನು ಸಹಿ ಹಾಕಲಿಲ್ಲ. ಬುಧವಾರ ಲೂಚಾಳ ಜೊತೆ ಯದೀರಾಳನ್ನು ಪುಯೆಬ್ಲಾಕ್ಕೆ ಕಳಿಸುತ್ತಿದ್ದೇನೆ. ಬಟ್ಟೆಗಳನ್ನೆಲ್ಲ ಕಟ್ಟಿ ಆಯಿತು. "ನಾನೇನಮ್ಮ ತಪ್ಪು ಮಾಡ್ದೆ?" ಎಂದು ಅವಳು ಕೇಳುತ್ತಿದ್ದಾಳೆ.

ನಿಮ್ಮ,
ಅಂಪಾರೊ